ಹನ್ನೊಂದಕ್ಕೆ ತಿರುಗಿಬಿಡಿ: ಹಿಮದ ಹಾದಿಗೆ ಹೊರಟವರಿಗೊಂದು ಬಹಿರಂಗ ಪತ್ರ

ಯುಗಾದಿ ರಜೆಗೆ ಹಿಮಾಲಯಕ್ಕೆ ಹೊರಟಿರುವ ಕನ್ನಡದ ಎಳೆಯರೇ,



ನಿಮ್ಮ ಮುಖ ನೋಡಿಲ್ಲವಾದರೂ ನಿಮ್ಮ ಬ್ಯಾಗಿನಲ್ಲಿ ಏನೇನಿದೆ ಎಂದು ಹೇಳಬಲ್ಲೆ. ಹೊಸ ಶೂ, ಆಫೀಸಿನ ಗೆಳೆಯನಿಂದ ಎರವಲು ತಂದ ಜಾಕೆಟ್ಟು, ಅಮ್ಮ ಬಲವಂತವಾಗಿ ತುರುಕಿದ ಚಟ್ನಿಪುಡಿ ಮತ್ತು ಕೋಡುಬಳೆ, ಎರಡು ಪವರ್ ಬ್ಯಾಂಕು. ನಿಮ್ಮ ವಾಟ್ಸಾಪ್ ಗುಂಪಿನಲ್ಲಿ ಹದಿನೈದು ದಿನದಿಂದ ಓಡುತ್ತಿರುವ ಪ್ರಶ್ನೆಯೂ ಗೊತ್ತು: "ಹಿಮ ಇರುತ್ತಾ?" ಇರುತ್ತದೆ. ಮಾರ್ಚ್ ಕೊನೆಯಲ್ಲಿ ಉತ್ತರಾಖಂಡದ ತುಂಗನಾಥ ಗುಡಿಯ ಹಾದಿಯಲ್ಲಿ ನಾನು ತೊಡೆಮಟ್ಟ ಹಿಮ ಕಂಡಿದ್ದೇನೆ. ಅದರಲ್ಲಿ ಹೂತೂ ಇದ್ದೇನೆ. ಆ ಮಾತು ಹೇಳಲೆಂದೇ ಈ ಪತ್ರ.

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡಿದವಳು. ಸೀಮೆಸುಣ್ಣದಲ್ಲಿ ಹಿಮಾಲಯದ ಮೂರು ಸಾಲುಗಳನ್ನು ಎಷ್ಟು ಸಲ ಬರೆದು ಅಳಿಸಿದ್ದೇನೋ ಲೆಕ್ಕವಿಲ್ಲ. ಕಣ್ಣಾರೆ ಕಂಡದ್ದು ನಿವೃತ್ತಿಯಾದ ಮೇಲೆ, 2023ರ ಯುಗಾದಿ ಕಳೆದ ವಾರದಲ್ಲಿ. ಅಕ್ಕನ ಮಗ ಆಫೀಸಿನ ಎಂಟು ಮಂದಿ ಗೆಳೆಯರ ಜೊತೆ ಹೊರಟಿದ್ದ. "ಚಿಕ್ಕಮ್ಮ, ನೀವೂ ಬನ್ನಿ, ಬರೀ ಐದು ಕಿಲೋಮೀಟರು" ಎಂದ. ವಾರಕ್ಕೊಮ್ಮೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವ ಹೆಂಗಸಿಗೆ ಐದು ಕಿಲೋಮೀಟರು ಯಾವ ಲೆಕ್ಕ ಎಂದುಕೊಂಡು ಹೊರಟೆ.

ಮೊದಲು ಆ ಲೆಕ್ಕವನ್ನೇ ಸರಿಮಾಡಿಬಿಡುತ್ತೇನೆ, ಮೇಷ್ಟ್ರಮ್ಮನ ಚಾಳಿ, ಸಹಿಸಿಕೊಳ್ಳಿ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಇಡೀ ದಕ್ಷಿಣ ಭಾರತದಲ್ಲೇ ಅತಿ ಎತ್ತರದ ಆನೆಮುಡಿ 2,695 ಮೀಟರ್. ನೀವು ಜೀಪಿನಿಂದ ಇಳಿದು ಮೈಮುರಿಯುವ ಚೋಪ್ತಾ ಎಂಬ ರಸ್ತೆಬದಿಯ ಜಾಗವೇ ಹೆಚ್ಚುಕಮ್ಮಿ ಆನೆಮುಡಿಯಷ್ಟು ಎತ್ತರದಲ್ಲಿದೆ. ಅಂದರೆ ನಮ್ಮ ಕಡೆಯ ಬೆಟ್ಟಗಳೆಲ್ಲ ಮುಗಿಯುವ ಎತ್ತರದಲ್ಲಿ ಅಲ್ಲಿನ ನಡಿಗೆ ಶುರುವಾಗುತ್ತದೆ. ಅಲ್ಲಿಂದ ಮೂರೂವರೆ ಕಿಲೋಮೀಟರ್ ಮೇಲೆ ತುಂಗನಾಥ. ಅದರ ಎತ್ತರ 3,680 ಮೀಟರ್ ಎಂದು ಸಾಮಾನ್ಯವಾಗಿ ಬರೆಯುತ್ತಾರೆ. ಇನ್ನೂ ಒಂದೂವರೆ ಕಿಲೋಮೀಟರ್ ಹತ್ತಿದರೆ ಚಂದ್ರಶಿಲಾ ಎಂಬ ನೆತ್ತಿ. ಆ ಎತ್ತರದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಮಂಗಳೂರಿನ ಕಡಲತೀರದಲ್ಲಿ ಸಿಗುವುದರ ಸುಮಾರು ಮೂರನೇ ಎರಡು ಪಾಲು. ಶುಕ್ರವಾರ ಸಂಜೆ ಬೆಂಗಳೂರಿನ ಟ್ರಾಫಿಕ್ಕಿನಲ್ಲಿದ್ದ ಶ್ವಾಸಕೋಶ ಭಾನುವಾರ ಬೆಳಗ್ಗೆ ಅಲ್ಲಿ ಕೆಲಸ ಮಾಡಬೇಕು. ಅದಕ್ಕೇ ಕೆಳಗಿನ ಸಾರಿ ಹಳ್ಳಿಯಲ್ಲಿ ಒಂದು ರಾತ್ರಿ, ಚೋಪ್ತಾದ ಆಸುಪಾಸಿನಲ್ಲಿ ಇನ್ನೊಂದು ರಾತ್ರಿ ಉಳಿದು ಹತ್ತಿ ಎನ್ನುತ್ತಾರೆ. ಒಂದು ದಿನದ ರಜೆ ಉಳಿಸಲು ಈ ರಾತ್ರಿಗಳನ್ನು ಕತ್ತರಿಸಬೇಡಿ. ತಲೆ ಸಿಡಿಯುತ್ತಿದ್ದರೆ, ವಾಕರಿಕೆ ಬಂದರೆ ಬಾಯಿಬಿಟ್ಟು ಹೇಳಿ. ಅಲ್ಲಿ ತಲೆನೋವು ನಾಚಿಕೆಯ ವಿಷಯವಲ್ಲ.

ಇನ್ನು ವಸಂತದ ಹಿಮದ ಮಾತು. ನಮಗೆ ಹಿಮವೆಂದರೆ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಕಟ್ಟಿಕೊಳ್ಳುವ ಬಿಳಿ ಪದರ. ಯಾವಾಗ ಮುಟ್ಟಿದರೂ ಒಂದೇ ಥರ. ಬೆಟ್ಟದ ಹಿಮ ಹಾಗಲ್ಲ, ಅದಕ್ಕೆ ಹೊತ್ತಿದೆ. ಹಗಲು ಬಿಸಿಲಿಗೆ ಮೇಲ್ಪದರ ಕರಗುತ್ತದೆ, ರಾತ್ರಿಯ ಚಳಿಗೆ ಮತ್ತೆ ಗಟ್ಟಿಯಾಗುತ್ತದೆ. ಮುಂಜಾನೆ ಅದರ ಮೇಲೆ ಕಾಲಿಟ್ಟರೆ ಹಪ್ಪಳ ಮುರಿದ ಸದ್ದು; ನಿಮ್ಮ ಭಾರ ಹೊರುತ್ತದೆ, ಆದರೆ ಜಾರುತ್ತದೆ. ತುಂಗನಾಥಕ್ಕೆ ಹೋಗುವುದು ಕಲ್ಲು ಹಾಸಿದ ದಾರಿ. ಹಿಂದಿನ ದಿನ ಕರಗಿ ಹರಿದ ನೀರು ಆ ಕಲ್ಲುಗಳ ಮೇಲೆ ಗಾಜಿನಂತೆ ಕಟ್ಟಿಕೊಂಡಿರುತ್ತದೆ, ಟಾರ್ಚಿನ ಬೆಳಕಿಗೆ ಅದು ಬರೀ ಒದ್ದೆ ಕಲ್ಲಿನಂತೆ ಕಾಣುತ್ತದೆ. ಶೂಗೆ ತೊಡಿಸುವ ಮುಳ್ಳಿನ ಸರಪಳಿ, ಮೈಕ್ರೋಸ್ಪೈಕ್ ಎನ್ನುತ್ತೀರಲ್ಲ, ಅದು ಬೇಕಾಗುವುದು ಇಲ್ಲಿ. ಹತ್ತು, ಹನ್ನೊಂದು ಗಂಟೆ ದಾಟುತ್ತಿದ್ದಂತೆ ಅದೇ ಹಿಮ ಕೂಳಾಗುತ್ತದೆ. ಬೆಳಗ್ಗೆ ಹೊತ್ತ ಜಾಗವೇ ಮಧ್ಯಾಹ್ನ ನುಂಗುತ್ತದೆ. ಬಂಡೆಗಳ ಪಕ್ಕದಲ್ಲಿ, ಪೊದೆಗಳ ಬುಡದಲ್ಲಿ ಇನ್ನೂ ಕೆಟ್ಟದು: ಬಂಡೆ ಬಿಸಿಲುಂಡು ಕಾದು ಸುತ್ತಲಿನ ಹಿಮವನ್ನು ಒಳಗಿನಿಂದ ಕರಗಿಸಿರುತ್ತದೆ, ಮೇಲೆ ತೆಳುವಾದ ಬಿಳಿ ಮುಚ್ಚಳ, ಕೆಳಗೆ ಪೊಳ್ಳು. ಮಧ್ಯಾಹ್ನದ ಮೇಲೆ ಮೋಡ ಏರುವುದು ಆ ಕಾಲದಲ್ಲಿ ಹೆಚ್ಚುಕಮ್ಮಿ ದಿನಚರಿ. ಹೀಗಾಗಿ ಕಿಲೋಮೀಟರನ್ನು ಮರೆತುಬಿಡಿ. ಅಲ್ಲಿ ದೂರವನ್ನು ಗಡಿಯಾರದಲ್ಲಿ ಅಳೆಯಬೇಕು.

ನಮ್ಮ ಗೈಡ್ ಅದನ್ನೇ ಹೇಳಿದ್ದರು. ಸಾರಿ ಹಳ್ಳಿಯವರು, ನಲವತ್ತರ ಆಸುಪಾಸು, ಮಾತು ಕಡಿಮೆ. ಹಿಂದಿನ ಸಂಜೆ ಒಲೆಯ ಮುಂದೆ ಕೂತು ರೊಟ್ಟಿ ತಿನ್ನುವಾಗ ಎರಡೇ ಮಾತು ಹೇಳಿದರು: ಬೆಳಗ್ಗೆ ನಾಲ್ಕೂವರೆಗೆ ಹೊರಡೋಣ. ಹನ್ನೊಂದಕ್ಕೆ ಎಲ್ಲಿದ್ದರೆ ಅಲ್ಲಿಂದಲೇ ತಿರುಗೋಣ. ಎಲ್ಲರೂ ತಲೆಯಾಡಿಸಿದೆವು. ತಲೆಯಾಡಿಸುವುದು ಎಷ್ಟು ಸುಲಭ ನೋಡಿ.

ಹೊರಟಿದ್ದು ಆರಕ್ಕೆ. ಒಬ್ಬಳಿಗೆ ಹೊಟ್ಟೆ ಸರಿಯಿರಲಿಲ್ಲ, ಇಬ್ಬರಿಗೆ ಬಾಡಿಗೆಯ ಸ್ಪೈಕ್ ಶೂಗೆ ಹೊಂದಲಿಲ್ಲ, ಉಳಿದವರು ಟಾರ್ಚ್ ಹಿಡಿದು ವಿಡಿಯೋ ಮಾಡುತ್ತಿದ್ದರು. ಆಮೇಲೆ ಬೆಳಕಾಯಿತು. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಹೋಗಬೇಡಿ ಎಂದು ಹೇಳಲು ನಾನು ಈ ಪತ್ರ ಬರೆಯುತ್ತಿಲ್ಲ. ಕಾಡಿನಲ್ಲಿ ಬುರಾಂಶ್ ಅರಳಿತ್ತು. ಉತ್ತರಾಖಂಡದ ರಾಜ್ಯವೃಕ್ಷ ಅದು. ನೀಲಗಿರಿಯ ಎತ್ತರದ ಹುಲ್ಲುಗಾವಲುಗಳ ಅಂಚಿನಲ್ಲಿ ನೀವು ನೋಡಿರುವ ಕೆಂಪು ಹೂವಿನ ಗಿಡ್ಡ ಮರದ ಹತ್ತಿರದ ನಂಟ. ಬಿಳಿ ಹಿಮದ ಮೇಲೆ ಆ ಹೂಗಳು ಉದುರಿ ಬಿದ್ದಿದ್ದವು, ಯಾರೋ ಓಕುಳಿ ಆಡಿ ಎದ್ದು ಹೋದ ಹಾಗೆ. ಮರಗಳ ಸಾಲು ಮುಗಿದು ಬಯಲು ಬಿದ್ದಾಗ ಚೌಖಂಬಾ ಕಂಡಿತು. 7,138 ಮೀಟರ್ ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದವಳು ಎದುರಿಗೆ ನಿಂತಾಗ ಅಂಕಿಯನ್ನೇ ಮರೆತೆ. ಅಷ್ಟರಲ್ಲಿ ಅಕ್ಕನ ಮಗ ಕಪ್ಪು ಕನ್ನಡಕ ಹಾಕಿಕೊಳ್ಳಿ ಎಂದು ಗದರಿದ. ಅವನು ಹೇಳಿದ್ದು ಸರಿ. ಹೊಸ ಹಿಮ ಬಿಸಿಲಿನ ನೇರಳಾತೀತ ಕಿರಣಗಳಲ್ಲಿ ನೂರಕ್ಕೆ 80ರವರೆಗೆ ವಾಪಸು ಕಣ್ಣಿಗೇ ಎಸೆಯುತ್ತದೆ. ಕನ್ನಡಕವಿಲ್ಲದೆ ನಡೆದವರಿಗೆ ಆ ರಾತ್ರಿ ಕಣ್ಣಿಗೆ ಮರಳು ಸುರಿದಂಥ ಉರಿ.

ತುಂಗನಾಥ ತಲುಪಿದಾಗ ಒಂಬತ್ತು ಮುಕ್ಕಾಲು. ಗುಡಿಗೆ ಬೀಗ, ಅಂಗಡಿಗಳಿಗೂ ಬೀಗ. ದೀಪಾವಳಿ ಕಳೆದ ಮೇಲೆ ದೇವರ ಉತ್ಸವಮೂರ್ತಿಯನ್ನು ಕೆಳಗಿನ ಮಕ್ಕೂಮಠಕ್ಕೆ ಒಯ್ಯುತ್ತಾರೆ, ಬೇಸಿಗೆಯಲ್ಲಿ ಮತ್ತೆ ಮೇಲೆ ತರುತ್ತಾರೆ. ಕೇದಾರನಾಥನದೂ ಇದೇ ಪದ್ಧತಿ, ಅವನ ಚಳಿಗಾಲದ ಬಿಡಾರ ಊಖೀಮಠ. ಚೋಪ್ತಾಕ್ಕೆ ಹೋಗುವಾಗ ನೀವು ಆ ಊರು ದಾಟಿಯೇ ಹೋಗುತ್ತೀರಿ. ಕೇದಾರದ ರಾವಲರಾಗಿ, ಅಂದರೆ ಪ್ರಧಾನ ಗುರುಗಳಾಗಿ, ಕೂರುವವರು ಪರಂಪರೆಯಿಂದ ನಮ್ಮ ಕಡೆಯ ವೀರಶೈವ ಜಂಗಮರು ಎಂಬುದು ನೆನಪಿರಲಿ, ಅಲ್ಲಿ ಕನ್ನಡ ಕಿವಿಗೆ ಬಿದ್ದರೆ ಬೆಚ್ಚಬೇಡಿ. ಮುಚ್ಚಿದ ಬಾಗಿಲಿಗೆ ಕೈಮುಗಿದು ಗೈಡ್‌ಗೆ ಕೇಳಿದೆ, ದೇವರಿಗೂ ಚಳಿಯೇ ಅಂತ. ಅವರು ನಕ್ಕರು. "ಹೊತ್ತಾದ ಮೇಲೆ ಭೋಲೇನಾಥನೇ ಕೆಳಗಿಳಿಯುತ್ತಾನೆ, ಮಾತಾಜಿ."

ಅಲ್ಲಿ ಫೋಟೋ, ಕೋಡುಬಳೆ ಎಂದು ಅರ್ಧ ಗಂಟೆ ಹೋಯಿತು. ಚಂದ್ರಶಿಲಾದ ಏಣಿನಲ್ಲಿ ಅರ್ಧ ಹತ್ತುವಷ್ಟರಲ್ಲಿ ಹನ್ನೊಂದು. ಗೈಡ್ ನಿಂತರು. ಕೈಗಡಿಯಾರ ತೋರಿಸಿದರು. ಪಶ್ಚಿಮದ ಕಡೆ ಬೆಟ್ಟಗಳ ಹಿಂದೆ ಹತ್ತಿಯಂಥ ಒಂದು ಸಾಲು ಎದ್ದಿತ್ತು, ಅದನ್ನೂ ತೋರಿಸಿದರು. ತಿರುಗೋಣ ಎಂದರು.

ನೆತ್ತಿ ಅಲ್ಲೇ ಕಾಣುತ್ತಿತ್ತು. ಅದೇ ಕೇಡು. ಕಾಣದಿದ್ದರೆ ಸುಮ್ಮನೆ ಇಳಿಯುತ್ತಿದ್ದೆವೇನೋ. "ಇನ್ನರ್ಧ ಗಂಟೆ, ಭೈಯಾ", "ದುಡ್ಡು ಕೊಟ್ಟು ಬಂದಿದ್ದೀವಿ", "ಅಲ್ಲಿಂದ ಇಲ್ಲೀತನಕ ಬಂದು ವಾಪಸ್ ಹೋಗೋದಾ" ಎಂಬ ಮಾತುಗಳು. ನಾನು ಸುಮ್ಮನಿದ್ದೆ ಎಂದು ಬರೆದರೆ ಈ ಪತ್ರ ಸುಳ್ಳಾಗುತ್ತದೆ. ನಾನೂ ಹೇಳಿದೆ: "ಈ ವಯಸ್ಸಿನಲ್ಲಿ ಮತ್ತೆ ಬರುತ್ತೀನಾ, ಭಾಯ್?" ಅಳುಮುಖ ಬೇರೆ ಮಾಡಿದೆ. ಆಗ ನಮ್ಮಲ್ಲೊಬ್ಬ ನಗುನಗುತ್ತಲೇ, ತಮಾಷೆಯ ದನಿಯಲ್ಲೇ ಹೇಳಿದ, ಬುಕಿಂಗ್ ಆ್ಯಪಿನಲ್ಲಿ ಒಂದು ಸ್ಟಾರ್ ಕೊಡ್ತೀವಿ ನೋಡಿ ಅಂತ.

ಗೈಡ್ ಮಾತಾಡಲಿಲ್ಲ. ಒಂದು ಗಳಿಗೆ ನೆಲ ನೋಡಿದರು. ಆಮೇಲೆ ಮುಂದೆ ಹೊರಟರು, ಮೇಲಕ್ಕೆ.

ಎಳೆಯರೇ, ಇಡೀ ಪತ್ರದಲ್ಲಿ ಒಂದೇ ಸಾಲು ಓದುವಿರಾದರೆ ಇದನ್ನು ಓದಿ: ಆ ಹೊತ್ತಿನಲ್ಲಿ ಬೆಟ್ಟ ಬಲ್ಲ ಒಬ್ಬನೇ ಮನುಷ್ಯನ ಬಾಯಿಯನ್ನು ಬೆಟ್ಟ ಅರಿಯದ ಹತ್ತು ಮಂದಿ ಸೇರಿ ಮುಚ್ಚಿಸಿದೆವು. ವರ್ಷದಲ್ಲಿ ನಾಲ್ಕೈದು ತಿಂಗಳ ದುಡಿಮೆಯಲ್ಲಿ ಮನೆ ನಡೆಸುವವರಿಗೆ ಆ ನಕ್ಷತ್ರಗಳೇ ಮುಂದಿನ ಬುಕಿಂಗು, ಅವೇ ಮಗಳ ಫೀಸು. ಅವರ 'ಇಲ್ಲ'ಕ್ಕೆ ನಾವು ಬೆಲೆ ಕಟ್ಟಿದ್ದೆವು, ಆ ಬೆಲೆ ಅವರು ತೆರಲಾರದಷ್ಟಿತ್ತು.

ನೆತ್ತಿ ಮುಟ್ಟಿದ್ದು ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ. ಬಾವುಟ, ಫೋಟೋ, ವೀಡಿಯೋ ಕಾಲ್ ಸಿಗ್ನಲ್ಲಿಗಾಗಿ ಪರದಾಟ. ಇಳಿಯಲು ಹೊರಟಾಗ ಹನ್ನೆರಡೂವರೆ. ಒಂದು ಗಂಟೆಯೊಳಗೆ ಚೌಖಂಬಾ ಮಾಯವಾಯಿತು, ಮತ್ತರ್ಧ ಗಂಟೆಯಲ್ಲಿ ಹತ್ತು ಮಾರು ಮುಂದಿದ್ದವರೂ ಮಾಯವಾದರು. ಆಕಾಶದಿಂದ ಸಾಬಕ್ಕಿಯಂಥ ಆಲಿಕಲ್ಲು ಸುರಿಯತೊಡಗಿತು. ಸಾಲು ಬಿಟ್ಟು ಪಕ್ಕಕ್ಕೆ ಕಾಲಿಟ್ಟ ಒಬ್ಬ ಹುಡುಗ ಬಂಡೆಯ ಪಕ್ಕದ ಪೊಳ್ಳಿನಲ್ಲಿ ಸೊಂಟದವರೆಗೆ ಇಳಿದುಹೋದ, ಮಂಡಿ ತಿರುಚಿತು. ಗೈಡ್ ಮತ್ತು ಅವರ ಜೊತೆ ಸಹಾಯಕ್ಕೆ ಬಂದಿದ್ದ ಹುಡುಗ ಕೋಲಿನಿಂದ, ಕೈಯಿಂದ ಹಿಮ ಬಗೆದು ಅವನನ್ನು ಎತ್ತಲು ಇಪ್ಪತ್ತು ನಿಮಿಷ ಹಿಡಿಯಿತು. ನಿಂತ ಇಪ್ಪತ್ತು ನಿಮಿಷದಲ್ಲಿ ನಾನು ಒಳಗಿನಿಂದ ತಣ್ಣಗಾದೆ. ಹತ್ತಿಯ ಸಲ್ವಾರ್ ತೊಟ್ಟು ಹೋಗಿದ್ದೆ, ಅದರ ಮೇಲೊಂದು ತೆಳು ಪ್ಯಾಂಟು. ಹತ್ತಿ ಒದ್ದೆಯಾದರೆ ಬೇಗ ಒಣಗುವುದಿಲ್ಲ, ಮೈಯ ಬಿಸಿಯನ್ನು ಹೀರುತ್ತಾ ಅಂಟಿಕೊಂಡೇ ಇರುತ್ತದೆ. ಜೀನ್ಸ್ ತೊಟ್ಟು ಹೊರಡುವವರಿದ್ದರೆ ಇದು ನಿಮಗೂ ಸೇರಿತು. ಜಾಕೆಟ್ಟಿನ ಜಿಪ್ಪು ಎಳೆಯಲು ಬೆರಳು ಬಗ್ಗಲಿಲ್ಲ. ಗೈಡ್ ತಮ್ಮ ಕೈಗವಸು ಬಿಚ್ಚಿ ನನಗೆ ತೊಡಿಸಿದರು. ಮಗುವಿಗೆ ತೊಡಿಸಿದ ಹಾಗೆ, ಒಂದೊಂದೇ ಬೆರಳು.

ಅದಾದ ಮೇಲೆ ಅವರು ಬರಿಗೈಲೇ ಮಂಡಿ ತಿರುಚಿದ ಹುಡುಗನನ್ನು ಹೆಗಲಿಗೆ ಆನಿಸಿಕೊಂಡು ಇಳಿಸಿದರು. ಅಡ್ಡದಾರಿ ಹಿಡಿದ ಹುಡುಗಿಯೊಬ್ಬಳು ಜಾರಿ ಕೆಳಗಿನ ತಿರುವಿನವರೆಗೆ ಹೋದಳು. ಅಲ್ಲಿ ಹಿಮ ಮೆದುವಿತ್ತು, ಬಂಡೆಯಿರಲಿಲ್ಲ, ಬದುಕಿಕೊಂಡಳು. ಹತ್ತಲು ಆರು ಗಂಟೆಯೂ ಬೇಕಾಗಿರದ ದಾರಿಯನ್ನು ಇಳಿಯಲು ಹೆಚ್ಚುಕಮ್ಮಿ ಆರು ಗಂಟೆ ತೆಗೆದುಕೊಂಡೆವು. ಚೋಪ್ತಾದ ದೀಪ ಕಂಡಾಗ ಕತ್ತಲಾಗುತ್ತಿತ್ತು. ಯಾರೂ ಸಾಯಲಿಲ್ಲ. ಆದ್ದರಿಂದಲೇ ಅದು ಯಾವ ಪತ್ರಿಕೆಯಲ್ಲೂ ಬರಲಿಲ್ಲ, ನಮ್ಮ ಗುಂಪಿನಲ್ಲಿ ಅದೊಂದು 'ಸಾಹಸ'ವಾಗಿ ಉಳಿಯಿತು. ಫೋಟೋಗಳಲ್ಲಿ ಆಲಿಕಲ್ಲು ತುಂಬ ಚೆನ್ನಾಗಿ ಕಂಡಿತು.

ಒಂದು ವರ್ಷದ ಮೇಲೆ, 2024ರ ಜೂನ್ ಮೊದಲ ವಾರದಲ್ಲಿ, ಟಿವಿಯಲ್ಲಿ ಉತ್ತರಕಾಶಿ ಕಡೆಯ ಸಹಸ್ತ್ರತಾಲ್ ಹೆಸರು ಕೇಳಿದೆ. 22 ಜನರ ತಂಡ, ಬಹುಪಾಲು ಕರ್ನಾಟಕದವರು. ಮೇಲಿನಿಂದ ಹಿಂದಿರುಗುವಾಗ ಹಿಮಗಾಳಿಗೆ ಸಿಕ್ಕಿ 9 ಮಂದಿ ತೀರಿಕೊಂಡರು. ಉಳಿದವರನ್ನು ವಾಯುಪಡೆಯ ಹೆಲಿಕಾಪ್ಟರುಗಳೂ ರಾಜ್ಯದ ವಿಪತ್ತು ಪಡೆಯವರೂ ಸೇರಿ ಕೆಳಗೆ ತಂದರು. ಅವರ ಮೇಲೆ ತೀರ್ಪು ಕೊಡಲು ನಾನು ಯಾರೂ ಅಲ್ಲ. ಬೆಟ್ಟ ಹತ್ತಿ ಪಳಗಿದವರೂ ಅವರಲ್ಲಿದ್ದರು, ನನ್ನ ವಯಸ್ಸು ಮೀರಿದವರೂ ಇದ್ದರು. ಆದರೆ ಅದು ಜೂನ್ ತಿಂಗಳು, ನಮ್ಮಲ್ಲಿ ಶಾಲೆ ಶುರುವಾಗಿ ಕೊಡೆ ಹುಡುಕುವ ಕಾಲ. ಅಲ್ಲಿ ಆಗಲೂ ಹಿಮ ಬೀಳಬಲ್ಲದು ಎಂಬುದು, ಇಳಿಯುವಾಗಲೇ ಅದು ಹಿಡಿಯಬಲ್ಲದು ಎಂಬುದು ಆ ರಾತ್ರಿ ನನ್ನನ್ನು ನಿದ್ದೆ ಮಾಡಗೊಡಲಿಲ್ಲ. ಎದ್ದು ಕೂತು ನನ್ನ ಬೆರಳುಗಳನ್ನು ನೋಡಿಕೊಂಡೆ.

ಆದ್ದರಿಂದ ನನ್ನ ಕೋರಿಕೆಗಳು. ದೊಡ್ಡವೇನಲ್ಲ.

ಹೊರಡುವ ಹಿಂದಿನ ರಾತ್ರಿ ಊಟಕ್ಕೆ ಕೂತಾಗ, ನಿಮ್ಮಲ್ಲಿ ಎಲ್ಲರಿಗಿಂತ ಜೋರುಬಾಯಿಯವರು ಯಾರೋ ಅವರೇ ಎದ್ದು ನಿಂತು ಗೈಡ್‌ಗೆ ಎಲ್ಲರೆದುರು ಹೇಳಿ: ನಾಳೆ ನೀವು ಸಾಕು ಎಂದರೆ ಸಾಕು, ಯಾರೂ ಎದುರಾಡುವುದಿಲ್ಲ, ಅದಕ್ಕಾಗಿ ನಿಮಗೆ ಒಂದು ನಕ್ಷತ್ರವೂ ಕಡಿಮೆಯಾಗುವುದಿಲ್ಲ. ನಿಮ್ಮ ಹಿಂದಿ ಹರಕುಮುರುಕಾಗಿದ್ದರೂ ಹೇಳಿ. ಬೆಟ್ಟದ ಮೇಲೆ, ನೆತ್ತಿ ಕಾಣುತ್ತಿರುವಾಗ ಈ ಮಾತು ಯಾರ ಬಾಯಿಂದಲೂ ಬರುವುದಿಲ್ಲ. ಒಲೆಯ ಮುಂದೆ ಮಾತ್ರ ಬರುತ್ತದೆ. ತಿರುಗುವ ಗಂಟೆಯನ್ನು ಕೇಳಿಕೊಂಡು ಎಡ ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಳ್ಳಿ, ಪರೀಕ್ಷೆಗೆ ಕಾಪಿ ಬರೆದುಕೊಳ್ಳುತ್ತಿದ್ದಿರಲ್ಲ, ಹಾಗೆ. ಅವರು ನಾಲ್ಕೂವರೆ ಎಂದರೆ ನಾಲ್ಕೂವರೆಗೆ ಶೂ ಕಟ್ಟಿ ಹೊರಗೆ ನಿಂತಿರಿ. ನಾವು ಕಳೆದುಕೊಂಡದ್ದು ಮೇಲೆ ಅಲ್ಲ, ಕೆಳಗೆ, ಬಾಡಿಗೆ ಸ್ಪೈಕಿನ ಮುಂದೆ ಕಳೆದ ಒಂದೂವರೆ ಗಂಟೆ. ಅದನ್ನು ರಾತ್ರಿಯೇ ತೊಟ್ಟು ನೋಡಿ.

ಹಿಂದಿರುಗಿದ ಮೇಲೆ ರಿವ್ಯೂ ಬರೆಯುವಾಗ, ನಿಮ್ಮನ್ನು ಮೇಲೆ ಹತ್ತಿಸಿದ್ದಕ್ಕಿಂತ ಎಲ್ಲಿ ತಡೆದರು, ಹೇಗೆ ಇಳಿಸಿದರು ಎಂಬುದನ್ನು ಬರೆಯಿರಿ. ಮುಂದೆ ಬರುವವರು ಅದನ್ನು ಓದಿಯೇ ಗೈಡ್ ಆರಿಸಿಕೊಳ್ಳಲಿ. ಈ ಪ್ರವಾಸಗಳನ್ನು ಮಾರುವವರು ಯಾರಾದರೂ ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಮಾತು: ನೂರಕ್ಕೆ ಇಷ್ಟು ಜನ ಶಿಖರ ಮುಟ್ಟಿದರು ಎಂದು ಜಾಹೀರಾತು ಹಾಕಬೇಡಿ, ದಯವಿಟ್ಟು. ಅದು ಓದುವವನ ಕಾಲನ್ನು ಹನ್ನೊಂದು ಗಂಟೆಗೆ ಮುಂದಕ್ಕೆ ತಳ್ಳುತ್ತದೆ.

ಮನೆಯವರಿಗೆ ದಾರಿಯ ಹೆಸರು, ಗೈಡ್ ನಂಬರು, ಕೆಳಗೆ ಬರುವ ಗಂಟೆ ಬರೆದುಕೊಟ್ಟು ಹೋಗಿ. ಹಿಂದೆ ಕಾಶಿಗೆ ಹೊರಟವರು ಊರಿನ ನಂಟರಿಗೆಲ್ಲ ಹೇಳಿ ಹೋಗುತ್ತಿದ್ದರು, ನೀವು ಒಬ್ಬರಿಗಾದರೂ ಹೇಳಿ. ಮ್ಯಾಗಿ ಕವರನ್ನು ಜೇಬಿನಲ್ಲೇ ವಾಪಸು ತನ್ನಿ ಎಂದು ಹೇಳಬೇಕಾಗಿಲ್ಲ ಅಂದುಕೊಳ್ಳುತ್ತೇನೆ. ಚಿಕ್ಕಮ್ಮಂದಿರನ್ನು ಕರೆದುಕೊಂಡು ಹೋಗುವಿರಾದರೆ ಹತ್ತಿಯ ಸಲ್ವಾರ್ ಬೇಡ ಎನ್ನಿ, ಅವರು ಅಳುಮುಖ ಮಾಡಿದರೆ ಕರಗಬೇಡಿ.

ಕೊನೆಯದೊಂದಿದೆ, ಬರೆಯಲು ಕಷ್ಟವಾಗುತ್ತದೆ. ನಾವು ಊರಿಗೆ ಬಂದ ವಾರದ ಮೇಲೆ ಆ ಆ್ಯಪಿನಲ್ಲಿ ನಮ್ಮ ಗುಂಪಿನಿಂದ ಒಂದು ರಿವ್ಯೂ ಬಂದಿತ್ತು. 'ಗೈಡ್ ಒಳ್ಳೆಯವರು, ಆದರೆ ಸುಮ್ಮನೆ ಹೆದರಿಸುತ್ತಾರೆ, ಮೂರು ಸ್ಟಾರ್.' ಬರೆದವನು ನನ್ನ ಅಕ್ಕನ ಮಗ. ನಾನದನ್ನು ಓದಿ ಏನೂ ಅನ್ನಲಿಲ್ಲ. ಅದೂ ನನ್ನ ತಪ್ಪು. ಸಹಸ್ತ್ರತಾಲಿನ ಸುದ್ದಿ ಬಂದ ಮರುದಿನ ಅವನೇ ಫೋನ್ ಮಾಡಿ, ಅದನ್ನು ಅಳಿಸಿದೆ ಚಿಕ್ಕಮ್ಮ ಎಂದ. ಈ ಯುಗಾದಿಗೆ ಮತ್ತೆ ಹೊರಟಿದ್ದಾನೆ, ಅದೇ ದಾರಿಗೆ, ಹೊಸ ಗೆಳೆಯರ ಜೊತೆ. ಈ ಪತ್ರವನ್ನು ಮೊದಲು ಓದಿದವನೂ ಅವನೇ.

ಮೊನ್ನೆ ಅವನ ಫೋನಿನಿಂದ ನಾವಿಬ್ಬರೂ ಸಾರಿ ಹಳ್ಳಿಗೆ ಮಾತಾಡಿದೆವು. ಆವತ್ತು ನಾವು ಮಾಡಿದ್ದು ತಪ್ಪು, ಕ್ಷಮಿಸಿ ಎಂದು ಹೇಳಲು ನಾನು ಎರಡು ದಿನದಿಂದ ಹಿಂದಿಯಲ್ಲಿ ವಾಕ್ಯ ಜೋಡಿಸಿಕೊಂಡಿದ್ದೆ. ಅವರು ಅರ್ಧದಲ್ಲೇ ತಡೆದರು. "ಆ ಹುಡುಗನ ಮಂಡಿ ಈಗ ಹೇಗಿದೆ, ಮಾತಾಜಿ?" ಎಂದು ಕೇಳಿದರು.

ಇಂತಿ ತಮ್ಮ ವಿಶ್ವಾಸಿ,

ಒಬ್ಬ ನಿವೃತ್ತ ಭೂಗೋಳ ಶಿಕ್ಷಕಿ
ಮೈಸೂರು